ಉಯಿಲಿನ ಮೂಲ ಪ್ರತಿಯನ್ನು ಬೆಂಕಿಯಿಂದಲೂ ನೀರಿನಿಂದಲೂ ಕಾಪಿಡಲು ಎಲ್ಲಿ ಇಡಬೇಕು? ಅನುಭವಸ್ಥರು ತಿಳಿಸಿ

ತಗ್ಗಿನ ಮನೆ:

ನನ್ನ ಉಯಿಲಿಗೆ ಇಬ್ಬರು ಸಾಕ್ಷಿಗಳ ಎದುರು ಸಹಿಯಾಗಿದೆ. ಅದು, ಮನೆಯ ಕ್ರಯಪತ್ರ, ತಾಯಿಯವರು ಕೊಟ್ಟ ದಾನಪತ್ರ, ವಿಮೆಯ ಕಾಗದಗಳು, ಜನನ ಮತ್ತು ವಿವಾಹದ ಪ್ರಮಾಣಪತ್ರಗಳು, ಎಲ್ಲವೂ ಸದ್ಯ ಒಂದೇ ಕಬ್ಬಿಣದ ಬೀರುವಿನಲ್ಲಿವೆ. ಮನೆ ನದಿಗೆ ಹತ್ತಿರದಲ್ಲಿದೆ, ಮೇಲಂತಸ್ತು ಇಲ್ಲ. ಪಕ್ಕದ ಮನೆ ವಿದ್ಯುತ್ ದೋಷದಿಂದ ಸುಟ್ಟುಹೋದ ಮೇಲೆ ಈ ಕಾಗದಗಳ ಚಿಂತೆ ನನ್ನನ್ನು ಬಿಟ್ಟಿಲ್ಲ. ಉಯಿಲನ್ನು ಜಾರಿಗೊಳಿಸಲು ನೇಮಿಸಿರುವ ತಂಗಿ ಬೇರೆ ದೇಶದಲ್ಲಿದ್ದಾಳೆ. ಅಗ್ನಿನಿರೋಧಕ ತಿಜೋರಿ, ಬ್ಯಾಂಕ್ ಲಾಕರ್, ವಕೀಲರ ಕಚೇರಿ, ಸ್ಕ್ಯಾನ್ ಪ್ರತಿ, ಇವುಗಳಲ್ಲಿ ನೀವು ಯಾವುದನ್ನು ಆರಿಸಿದಿರಿ, ಅದರಿಂದ ಏನಾಯಿತು ಎಂಬುದನ್ನು ದಯವಿಟ್ಟು ಬರೆಯಿರಿ.

ಮೂರನೆಯ ಮಗ:

ಮಾನ್ಯರೇ, ಬೇರೇನು ಮಾಡಿದರೂ ಉಯಿಲಿನ ಮೂಲ ಪ್ರತಿಯನ್ನು ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಇಡಬೇಡಿ. ನಮ್ಮ ತಂದೆಯವರು ಹಾಗೆ ಇಟ್ಟರು. ಇಡುವಂತೆ ಹೇಳಿದ್ದು ಬ್ಯಾಂಕಿನ ಅಧಿಕಾರಿಯೇ. ಬೆಂಕಿಗೆ ಜಗ್ಗದ ಕೋಣೆ, ಎರಡು ಕೀಲಿಯ ಪೆಟ್ಟಿಗೆ, ಹಗಲಿರುಳಿನ ಕಾವಲು, ಇವೆಲ್ಲವನ್ನೂ ವಿವರಿಸಿದ ಆ ಅಧಿಕಾರಿ, ಲಾಕರ್ ಹೊಂದಿದವರು ತೀರಿಕೊಂಡರೆ ಅದನ್ನು ಯಾರು ತೆರೆಯಬಹುದು ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ತಂದೆಯವರು ಹೋದ ಮೇಲೆ ಮರಣ ಪ್ರಮಾಣಪತ್ರವನ್ನೂ ಕೀಲಿಯನ್ನೂ ಹಿಡಿದು ಹೋದ ನಮಗೆ, ನ್ಯಾಯಾಲಯದ ಆದೇಶವಿಲ್ಲದೆ ತೆರೆಯಲಾಗದು ಎಂದರು. ಆದೇಶ ಕೇಳಲು ಹೋದರೆ ಉಯಿಲಿನ ಮೂಲ ಪ್ರತಿಯನ್ನು ಹಾಜರುಪಡಿಸಿ ಎಂದರು. ಆ ಮೂಲ ಪ್ರತಿ ಇದ್ದದ್ದು ಲಾಕರಿನೊಳಗೆ. ಕೊನೆಗೆ, ಉಯಿಲು ಇದೆಯೇ ಎಂದು ನೋಡುವುದಕ್ಕಷ್ಟೇ ಪೆಟ್ಟಿಗೆ ತೆರೆಯಲು ಅನುಮತಿ ಕೋರಿ ಬೇರೆಯೇ ಅರ್ಜಿ ಹಾಕಬೇಕಾಯಿತು.

ಖರ್ಚನ್ನೂ ಬರೆಯುತ್ತೇನೆ, ಏಕೆಂದರೆ ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಅರ್ಜಿಯ ಶುಲ್ಕ, ವಕೀಲರ ಒಂದೊಂದು ಹಾಜರಿಯ ಶುಲ್ಕ, ನಮ್ಮದೇನೂ ಆಕ್ಷೇಪಣೆ ಇಲ್ಲವೆಂದು ಇಬ್ಬರು ಅಣ್ಣಂದಿರು ಕೊಡಬೇಕಾದ ಪ್ರಮಾಣಿತ ಹೇಳಿಕೆ, ಅದಕ್ಕೆ ನೋಟರಿ ಶುಲ್ಕ, ದೊಡ್ಡಣ್ಣನ ಹೆಸರಿನ ಕಾಗುಣಿತ ಬೇರೆ ದಾಖಲೆಯೊಂದಿಗೆ ಹೊಂದಲಿಲ್ಲವೆಂದು ಹೇಳಿಕೆಯನ್ನು ಮತ್ತೆ ಬರೆಸಿ ಇನ್ನೊಮ್ಮೆ ಅದೇ ಶುಲ್ಕ, ಪ್ರಕರಣ ನಡೆದಷ್ಟೂ ಕಾಲ ಏರುತ್ತಲೇ ಹೋದ ಲಾಕರ್ ಬಾಡಿಗೆ, ತಂದೆಯ ಖಾತೆ ಸ್ಥಗಿತವಾಗಿದ್ದರಿಂದ ಆ ಬಾಡಿಗೆ ಸಲ್ಲದೆ ಅದರ ಮೇಲೆ ಬಿದ್ದ ದಂಡ. ಇದೆಲ್ಲ ತೀರಿದ ಮೇಲೆ ಪೆಟ್ಟಿಗೆ ತೆರೆದಾಗ ಎಲ್ಲಕ್ಕಿಂತ ಮೇಲಿದ್ದ ಲಕೋಟೆಯಲ್ಲಿ, ತಮ್ಮ ಅಂತ್ಯಸಂಸ್ಕಾರ ಹೇಗೆ ನಡೆಯಬೇಕೆಂದು ತಂದೆ ಬರೆದಿದ್ದ ಒಂದು ಪುಟ ಸಿಕ್ಕಿತು. ನಾವು ಅದಕ್ಕೆ ವಿರುದ್ಧವಾಗಿ ಎಲ್ಲವನ್ನೂ ಮಾಡಿ ಮುಗಿಸಿದ್ದೆವು. ಹಣ ಹೋದದ್ದನ್ನು ಮರೆಯಬಹುದು, ಇದನ್ನು ನಾನು ಮರೆಯುವುದಿಲ್ಲ.

ತಿಜೋರಿ ಮಾಲೀಕ:

ಮೇಲಿನವರ ನೋವಿಗೆ ನನ್ನ ಸಹಾನುಭೂತಿ ಇದೆ. ಆದರೆ ಅದು ಲಾಕರಿನ ದೋಷವಲ್ಲ, ಒಬ್ಬರ ಹೆಸರಿನಲ್ಲೇ ಅದನ್ನು ಇಟ್ಟುಕೊಂಡದ್ದರ ಫಲ. ನನ್ನ ಕಾಗದಗಳು ನನ್ನ ಮನೆಯ ತಿಜೋರಿಯಲ್ಲಿವೆ, ಮತ್ತು ಆ ನಿರ್ಧಾರದ ಬಗ್ಗೆ ನನಗೆ ಹೆಮ್ಮೆಯಿದೆ. ಅಂಗಡಿಯವರು ಅಗ್ನಿನಿರೋಧಕ ಎಂಬ ಚೀಟಿಯನ್ನು ಯಾವ ಡಬ್ಬಿಗೆ ಬೇಕಾದರೂ ಅಂಟಿಸುತ್ತಾರೆ. ನಾವು ಕೇಳಬೇಕಾದದ್ದು ಯಾವ ಪರೀಕ್ಷೆ, ಎಷ್ಟು ಹೊತ್ತು, ಒಳಗಿನ ಶಾಖ ಎಷ್ಟಕ್ಕೆ ನಿಂತಿತು ಎಂಬುದನ್ನು. ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುಎಲ್ ರೂಪಿಸಿದ ಯುಎಲ್ 72 ಎಂಬ ಮಾನದಂಡದಲ್ಲಿ 350ರ ವರ್ಗದ, ಒಂದು ಗಂಟೆಯ ಪೆಟ್ಟಿಗೆ ಎಂದರೆ, ಕುಲುಮೆಯ ಶಾಖ ಒಂದು ಗಂಟೆಯಲ್ಲಿ ಸುಮಾರು 927 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೂ ಒಳಗಿನ ಶಾಖ 177 ಡಿಗ್ರಿ ದಾಟಬಾರದು. 350 ಎಂಬುದು ಫ್ಯಾರನ್‌ಹೀಟ್ ಲೆಕ್ಕ. ಕುಲುಮೆ ಆರಿದ ಮೇಲೆ ಪೆಟ್ಟಿಗೆ ತಣಿಯುವ ಹೊತ್ತಿನಲ್ಲಿಯೂ ಈ ಮಿತಿ ಮೀರಕೂಡದು, ಏಕೆಂದರೆ ಹೊರಗಿನ ಬೆಂಕಿ ನಂದಿದ ಮೇಲೂ ಒಳಗಿನ ಶಾಖ ಏರುತ್ತಲೇ ಇರುತ್ತದೆ. ಕಾಗದ ಹೊತ್ತಿಕೊಳ್ಳುವುದು ಸುಮಾರು 230 ಡಿಗ್ರಿಯ ಆಸುಪಾಸಿನಲ್ಲಿ. ಬರೀ ತಗಡಿನ ಬೀರುವಿಗೆ ಶಾಖವನ್ನು ತಡೆಯುವ ಪದರವೇ ಇಲ್ಲದ್ದರಿಂದ, ಜ್ವಾಲೆ ಒಳಗೆ ಹೋಗದಿದ್ದರೂ ಕಾಗದ ಕರಿಕಾಗುತ್ತದೆ. ಬೆಂಕಿ ನಂದಿದ ಕೂಡಲೇ ತಿಜೋರಿಯ ಬಾಗಿಲು ತೆರೆಯಲೂಬಾರದು; ಕಾದ ಕಾಗದಕ್ಕೆ ಗಾಳಿ ತಗುಲಿ ಅಲ್ಲೇ ಹೊತ್ತಿಕೊಂಡೀತು.

ತಂದು ಕೂರಿಸಿದ ಪಾಡನ್ನೂ ಹೇಳಬೇಕು. ಗೋಡೆಗಳ ನಡುವಿನ ನಿರೋಧಕ ಪದರದಿಂದಾಗಿ ಅದರ ತೂಕ ವಿಪರೀತ. ಬಾಗಿಲ ಅಗಲ ಸಾಲದೆ ಕದವನ್ನು ಕೀಲಿನಿಂದ ಕಳಚಬೇಕಾಯಿತು, ಹೊಸ್ತಿಲು ಜಜ್ಜಿತು, ಕೂರಿಸಿದ ಜಾಗದ ನೆಲಹಾಸು ಬಿರುಕು ಬಿಟ್ಟಿತು, ಆ ಬಣ್ಣದ ಹಾಸು ಸಿಗದೆ ಇಡೀ ಕೋಣೆಯ ಹಾಸನ್ನು ಬದಲಿಸಿದೆವು. ಹೊರುವವರ ಕೂಲಿ, ಬಡಗಿಯ ಕೂಲಿ, ನೆಲದ ಖರ್ಚು, ಗೋಡೆಗೆ ಬಿಗಿಯುವ ಬೋಲ್ಟುಗಳು ಸೇರಿ ತಿಜೋರಿಯ ಬೆಲೆಯನ್ನೇ ಮೀರಿದವು. ಆದರೂ ನಡುರಾತ್ರಿ ಎದ್ದು ನನ್ನ ಕಾಗದವನ್ನು ನಾನೇ ನೋಡಬಲ್ಲೆ. ಯಾರ ಅನುಮತಿಯನ್ನೂ ಬೇಡಬೇಕಿಲ್ಲ.

ಮೂರನೆಯ ಮಗ:

ನೀವು ನೋಡಬಲ್ಲಿರಿ, ಸರಿ. ನೀವು ಇಲ್ಲದ ದಿನ ಯಾರು ನೋಡಬೇಕು? ಅದರ ಸಂಖ್ಯೆಯ ಗುಟ್ಟು ಯಾರಲ್ಲಿದೆ ಎಂದು ನೀವು ಬರೆದಿಲ್ಲ. ಉಯಿಲು ಬರೆದವನ ಸುಖಕ್ಕಾಗಿ ಇರುವ ಕಾಗದವಲ್ಲ. ತೀರಿಕೊಂಡ ತಂದೆಯ ತೀರ್ಮಾನವನ್ನು ‘ಫಲ’ ಎಂದು ಕರೆದ ನಿಮ್ಮ ಮಾತು ನನಗೆ ಹಿಡಿಸಲಿಲ್ಲ.

ಕಾಗದ ಸಂರಕ್ಷಕಿ:

ಕೇಳಿದವರ ಮನೆ ನದಿಯ ಪಕ್ಕದ ತಗ್ಗಿನಲ್ಲಿದೆ ಎಂಬುದನ್ನು ಮೇಲಿನ ಇಬ್ಬರೂ ಓದಿದಂತೆ ಕಾಣುವುದಿಲ್ಲ. ದಾಖಲೆಗಳ ಸಂರಕ್ಷಣೆಯೇ ನನ್ನ ವೃತ್ತಿ. ಬೆಂಕಿಗೆ ಪರೀಕ್ಷೆಯಾದ ತಿಜೋರಿ ನೀರಿಗೂ ಪರೀಕ್ಷೆಯಾಗಿದೆ ಎಂದು ಭಾವಿಸಬಾರದು. ಅನೇಕ ತಿಜೋರಿಗಳ ಬಾಗಿಲಿನ ಸಂದಿಗೆ ಹಾಕುವ ಪಟ್ಟಿ ಶಾಖ ತಗುಲಿದಾಗ ಮಾತ್ರ ಉಬ್ಬಿ ಸಂದಿಯನ್ನು ಮುಚ್ಚುತ್ತದೆ. ತಣ್ಣನೆಯ ನೆರೆನೀರಿಗೆ ಅದು ತೆರೆದ ದಾರಿ. ನಿರೋಧಕ ಪದರದಲ್ಲಿ ಸಾಮಾನ್ಯವಾಗಿ ಬಳಸುವ ಜಿಪ್ಸಮ್ ತನ್ನ ತೂಕದ ಸುಮಾರು ಐದನೇ ಒಂದು ಭಾಗದಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಬೆಂಕಿಯ ಹೊತ್ತಿನಲ್ಲಿ ಆ ನೀರು ಆವಿಯಾಗುವುದರಿಂದಲೇ ಒಳಗು ತಂಪಾಗಿ ಉಳಿಯುತ್ತದೆ, ಆದರೆ ಆ ಆವಿಯಲ್ಲಿ ಕಾಗದವೂ ಒದ್ದೆಯಾಗಬಹುದು. ಬೆಂಕಿ ಇಲ್ಲದ ದಿನಗಳಲ್ಲಿಯೂ ಗಾಳಿಯಾಡದ ಪೆಟ್ಟಿಗೆಯಲ್ಲಿ ತೇವ ಕೂಡುತ್ತದೆ. ಸಿಲಿಕಾ ಜೆಲ್ ಇಟ್ಟು, ಆಗಾಗ ಅದನ್ನು ಕಾಯಿಸಿ ಒಣಗಿಸದಿದ್ದರೆ ಬೂಷ್ಟು ಖಂಡಿತ. 177 ಡಿಗ್ರಿ ಎಂಬ ಮಿತಿಯೂ ಕಾಗದಕ್ಕೆ ಮಾತ್ರ ಹೊಂದುವಂಥದ್ದು. ಡಿಸ್ಕು, ಪೆನ್‌ಡ್ರೈವ್‌ಗಳನ್ನು ಅದರಲ್ಲಿಟ್ಟರೆ ಉಳಿಯುವ ಭರವಸೆಯಿಲ್ಲ. ಅಂಥವುಗಳಿಗೆ 52 ಡಿಗ್ರಿಯೊಳಗೆ ನಿಲ್ಲುವ 125ರ ವರ್ಗವೇ ಬೇರೆ ಇದೆ.

ಬೆಂಕಿ ಮತ್ತು ನೀರು ಬಹುತೇಕ ಜೊತೆಯಾಗಿಯೇ ಬರುತ್ತವೆ. ಅಮೆರಿಕದ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ 1973ರ ಜುಲೈ 12ರಂದು ಬೆಂಕಿ ಬಿದ್ದಾಗ 160ರಿಂದ 180 ಲಕ್ಷ ಸೈನಿಕ ಕಡತಗಳು ನಾಶವಾದವು. ಅವುಗಳಿಗೆ ನಕಲು ಇರಲಿಲ್ಲ. ಸುಡದೆ ಉಳಿದವು ಬೆಂಕಿ ನಂದಿಸಿದ ನೀರಿನಲ್ಲಿ ನೆನೆದಿದ್ದವು, ಅವನ್ನು ನಿರ್ವಾತ ಕೋಣೆಯಲ್ಲಿ ಒಣಗಿಸಬೇಕಾಯಿತು.

ನಮ್ಮ ಅತ್ತೆಯವರ ಮನೆಗೆ ನೆರೆ ನುಗ್ಗಿದಾಗ ಉಯಿಲು, ಕ್ರಯಪತ್ರ ಎಲ್ಲವೂ ಒಂದೇ ಮುದ್ದೆಯಾಗಿ ಸಿಕ್ಕವು. ಮೈದುನರು ಪುಟಗಳನ್ನು ಬಿಡಿಸಿ ಬಿಸಿಲಿಗೆ ಹರಡಲು ಹೊರಟರು. ಇಸ್ತ್ರಿ ಹಾಕೋಣ ಎಂದವರೂ ಇದ್ದರು. ನಾನು ಕೈ ಹಿಡಿದು ತಡೆದೆ. ನೆನೆದ ಕಾಗದದಲ್ಲಿ ಒಂದೆರಡು ದಿನಗಳಲ್ಲೇ ಬೂಷ್ಟು ಏಳುತ್ತದೆ. ಅಷ್ಟರೊಳಗೆ ಒಣಗಿಸಲಾಗದಿದ್ದರೆ, ಪುಟಗಳನ್ನು ಬಿಡಿಸುವ ಗೋಜಿಗೆ ಹೋಗದೆ, ಕಟ್ಟನ್ನು ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಿಮಗಟ್ಟಿಸಬೇಕು. ಹಿಮದಲ್ಲಿ ಬೂಷ್ಟು ಬೆಳೆಯದು, ಶಾಯಿ ಹರಡದು; ನಿಧಾನವಾಗಿ ಪರಿಣತರ ಕೈಗೆ ಒಪ್ಪಿಸಬಹುದು. ಅತ್ತೆಯವರ ಉಯಿಲು ಹಾಗೆ ಉಳಿಯಿತು, ಸಹಿಗಳು ಇಂದಿಗೂ ಸ್ಪಷ್ಟವಾಗಿವೆ. ಇಂಕ್‌ಜೆಟ್ ಮುದ್ರಣದ ವಿಮಾಪತ್ರದ ಅಕ್ಷರಗಳು ಮಾತ್ರ ನಾವು ಮುಟ್ಟುವ ಮೊದಲೇ ಕರಗಿ ಹೋಗಿದ್ದವು.

ಹಿರಿಯ ಸೊಸೆ:

ಇಷ್ಟೆಲ್ಲ ಕಷ್ಟವೇಕೆ? ನಮ್ಮ ಮಾವನವರ ಕಾಲದ ವಿಭಾಗಪತ್ರ ಮಡಿಕೆಗಳಲ್ಲಿ ಹರಿದು, ಅಂಚನ್ನು ಗೆದ್ದಲು ತಿಂದು, ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿತ್ತು. ಮನೆಯವರೆಲ್ಲ ಬೇಡವೆಂದರೂ ಹಟ ಹಿಡಿದು ಅದನ್ನು ಲ್ಯಾಮಿನೇಟ್ ಮಾಡಿಸಿದವಳು ನಾನು. ಮುಂದೆ ಮಾಳಿಗೆಯ ನೀರಿನ ತೊಟ್ಟಿ ಒಡೆದು ಕಪಾಟಿನೊಳಗೆ ಇಡೀ ರಾತ್ರಿ ನೀರು ಸುರಿದಾಗ ಉಳಿದ ಕಾಗದಗಳೆಲ್ಲ ಹೋದವು. ಇದನ್ನು ಬಟ್ಟೆಯಿಂದ ಒರೆಸಿದ್ದಷ್ಟೇ. ಸಂರಕ್ಷಕಿಯವರು ನನ್ನನ್ನು ಬೈಯಬಹುದು, ಆದರೆ ಆ ಮನೆಯಲ್ಲಿ ಇಂದು ಓದಲು ಬರುವ ಪತ್ರ ಅದೊಂದೇ.

ಕಾಗದ ಸಂರಕ್ಷಕಿ:

ಬೈಯುವುದಿಲ್ಲ, ಆದರೆ ಒಪ್ಪುವುದೂ ಇಲ್ಲ. ಇದನ್ನು ಓದಿ ಯಾರಾದರೂ ಉಯಿಲನ್ನು ಲ್ಯಾಮಿನೇಟ್ ಮಾಡಿಸಿದರೆ ಆಗುವ ಹಾನಿ ದೊಡ್ಡದು. ಸಹಿಯ ಬಗ್ಗೆ ತಕರಾರು ಎದ್ದರೆ ಪರೀಕ್ಷಕರು ನೋಡುವುದು ಲೇಖನಿ ಒತ್ತಿದ ಗುರುತು, ಶಾಯಿಯ ಪದರ, ಕಾಗದದ ಮೈ, ಉಬ್ಬುಮುದ್ರೆಯ ಏರಿಳಿತ. ಬಿಸಿ ರೋಲರಿನ ಕೆಳಗೆ ಇವೆಲ್ಲ ಚಪ್ಪಟೆಯಾಗಿ ಅಂಟಿನೊಳಗೆ ಹೂತುಹೋಗುತ್ತವೆ. ದೊಡ್ಡ ಪತ್ರಾಗಾರಗಳೂ ಈ ದಾರಿ ಹಿಡಿದಿದ್ದವು: ಅಮೆರಿಕದಲ್ಲಿ ವಿಲಿಯಂ ಬ್ಯಾರೋ 1930ರ ದಶಕದಲ್ಲಿ ರೂಪಿಸಿದ ಸೆಲ್ಯುಲೋಸ್ ಅಸಿಟೇಟ್ ಲ್ಯಾಮಿನೇಷನ್ ವಿಧಾನದಲ್ಲಿ ಅಸಂಖ್ಯ ದಾಖಲೆಗಳನ್ನು ಹೊದಿಸಿದರು, ನಂತರದ ತಲೆಮಾರಿನ ಸಂರಕ್ಷಕರು ಆ ಹೊದಿಕೆಯನ್ನು ಬಿಡಿಸಲು ವರ್ಷಗಟ್ಟಲೆ ಶ್ರಮಿಸಿದರು. ನಿಮ್ಮ ಪತ್ರ ಉಳಿದಿರುವುದು ನಿಜ. ಅದನ್ನು ಒಂದು ದಿನ ನ್ಯಾಯಾಲಯದ ಮುಂದೆ ಇಡಬೇಕಾದಾಗ ಅದು ಮೂಲ ಪ್ರತಿಯೋ ಬಣ್ಣದ ನಕಲೋ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ.

ಹಿರಿಯ ಸೊಸೆ:

ಪುಡಿಯಾಗಿ ಹೋಗಿದ್ದರೆ ಮೂಲವೂ ಇರುತ್ತಿರಲಿಲ್ಲ, ನಕಲೂ ಇರುತ್ತಿರಲಿಲ್ಲ. ಅಂದು ನಿಮ್ಮಂಥ ಪರಿಣತರು ನಮ್ಮ ಹತ್ತಿರ ಯಾರೂ ಇರಲಿಲ್ಲ. ಇದ್ದ ದಾರಿಯಲ್ಲಿ ನಾನು ಉಳಿಸಿದೆ.

ನಿವೃತ್ತ ಗುಮಾಸ್ತ:

ವಕೀಲರ ಕಚೇರಿಯಲ್ಲಿ ಉಯಿಲುಗಳ ಕಪಾಟಿನ ಕೀಲಿ ನನ್ನ ಕೈಯಲ್ಲಿತ್ತು, ಆದ್ದರಿಂದ ಮಾತನಾಡುವ ಹಕ್ಕಿದೆ ಎಂದು ಭಾವಿಸುತ್ತೇನೆ. ಮೊದಲು ಕಾನೂನಿನ ಒಂದು ಅಂಶ, ಇಲ್ಲಿ ಯಾರೂ ಅದನ್ನು ಎತ್ತಿಲ್ಲ. ಬೆಂಕಿಯಲ್ಲಿ ಸುಟ್ಟ ಮಾತ್ರಕ್ಕೆ ಉಯಿಲು ರದ್ದಾಗುವುದಿಲ್ಲ. ಇಂಗ್ಲೆಂಡಿನ 1837ರ ಉಯಿಲು ಕಾಯ್ದೆಯ ಪ್ರಕಾರ, ರದ್ದುಗೊಳಿಸುವ ಉದ್ದೇಶದಿಂದ ಬರೆದವರೇ ನಾಶಪಡಿಸಿರಬೇಕು ಅಥವಾ ಅವರ ಸಮಕ್ಷಮದಲ್ಲಿ ಅವರ ಮಾತಿನಂತೆ ಬೇರೊಬ್ಬರು ನಾಶಪಡಿಸಿರಬೇಕು. ಆ ಪರಂಪರೆಯ ಅನೇಕ ದೇಶಗಳಲ್ಲಿ ತತ್ವ ಇದೇ. ಆದರೆ ಉಯಿಲು ಕೊನೆಯದಾಗಿ ಬರೆದವರ ಬಳಿಯೇ ಇತ್ತು, ಸತ್ತ ಮೇಲೆ ಹುಡುಕಿದರೆ ಸಿಗಲಿಲ್ಲ ಎಂದಾದರೆ, ಅವರೇ ಅದನ್ನು ಹರಿದು ಹಾಕಿದ್ದಾರೆಂದು ಅದೇ ಪರಂಪರೆಯ ನ್ಯಾಯಾಲಯಗಳು ಊಹಿಸಬಹುದು, ಮತ್ತು ಆ ಊಹೆಯನ್ನು ಅಳಿಸುವ ಹೊಣೆ ಮಕ್ಕಳ ಮೇಲೆ ಬೀಳುತ್ತದೆ. ಬೆಂಕಿ ಅಥವಾ ನೆರೆ ಬಂದಿತ್ತು ಎಂಬುದಕ್ಕೆ ಸರ್ಕಾರಿ ವರದಿ, ಸಾಕ್ಷಿಗಳ ಹೇಳಿಕೆ, ಒಳ್ಳೆಯ ನಕಲು, ಎಲ್ಲವೂ ಆಗ ಬೇಕು. ಎರಡೆರಡು ಮೂಲ ಪ್ರತಿಗಳಿಗೆ ಸಹಿ ಹಾಕಿಸಿ ಒಂದನ್ನು ಇಲ್ಲಿ, ಒಂದನ್ನು ಅಲ್ಲಿ ಇಡುವವರೂ ಎಚ್ಚರದಿಂದಿರಬೇಕು: ಬರೆದವರ ಬಳಿಯ ಪ್ರತಿ ಕಾಣೆಯಾದರೆ ಇನ್ನೊಂದರ ಮೇಲೂ ಅದೇ ಸಂಶಯ ಬೀಳುತ್ತದೆ.

ತಿಜೋರಿ ಮಾಲೀಕರಿಗೂ ಇದನ್ನೇ ಹೇಳುತ್ತೇನೆ: ನಿಮ್ಮ ಬಳಿಯೇ ಇದೆ ಎಂಬ ನಿಮ್ಮ ಹೆಮ್ಮೆಯೇ ನಿಮ್ಮ ಮಕ್ಕಳಿಗೆ ತೊಡಕಾಗಬಹುದು.

ನಮ್ಮ ಕಚೇರಿಯಲ್ಲಿ ಪ್ರತಿ ಉಯಿಲಿಗೂ ಕ್ರಮಸಂಖ್ಯೆ, ಬಂದ ದಿನಾಂಕ, ಹಿಂದಕ್ಕೆ ಕೊಟ್ಟಿದ್ದರೆ ಪಡೆದವರ ಸಹಿ ಇರುವ ವಹಿ ಇತ್ತು. ಆ ವಹಿಯ ಇನ್ನೊಂದು ಪ್ರತಿಯನ್ನು ನಾನು ಬೇರೆ ಕಟ್ಟಡದಲ್ಲಿ ಇಡಿಸಿದ್ದೆ. ಹಿರಿಯ ವಕೀಲರು ತೀರಿಕೊಂಡು ಕಚೇರಿ ಮುಚ್ಚಿದಾಗ ಕಪಾಟು ಒಂದು ಕಡೆಗೆ, ಕಡತಗಳು ಇನ್ನೊಂದು ಕಡೆಗೆ ಹೋದವು. ವಿಳಾಸ ಬದಲಿಸಿ ತಿಳಿಸದ ಕಕ್ಷಿದಾರರಿಗೆ ಬರೆದ ಪತ್ರಗಳು ಹಿಂದಿರುಗಿದವು. ಯಾರ ಉಯಿಲು ಯಾರ ಕೈ ಸೇರಿತೆಂದು ಇಂದಿಗೂ ಹೇಳಲು ಸಾಧ್ಯವಾಗಿರುವುದು ಆ ಎರಡನೆಯ ವಹಿಯಿಂದ. ಡಬ್ಲಿನ್ನಿನಲ್ಲಿ ನಡೆದದ್ದೂ ಇದನ್ನೇ ತೋರಿಸುತ್ತದೆ: 1922ರ ಜೂನ್ 30ರಂದು ಅಂತರ್ಯುದ್ಧದಲ್ಲಿ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದ ಆವರಣದ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟಾಗ ಐರ್ಲೆಂಡಿನ ಮೂಲ ಉಯಿಲುಗಳು ಬಹುಪಾಲು ಬೂದಿಯಾದವು. ಜಿಲ್ಲಾ ನೋಂದಣಿ ಕಚೇರಿಗಳಲ್ಲಿ ಕೈಯಿಂದ ನಕಲು ಬರೆದಿಟ್ಟ ಪುಸ್ತಕಗಳು ಬೇರೆಡೆ ಇದ್ದುದರಿಂದ ಉಳಿದವು.

ಪ್ರತಿ ಮೂರು:

ಗುಮಾಸ್ತರು ಕೊನೆಯಲ್ಲಿ ಹೇಳಿದ್ದು ನನ್ನ ವಾದವೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ನಾನು ಪಾಲಿಸುತ್ತೇನೆ. ನಮ್ಮ ಮನೆ ಸುಟ್ಟಿತು. ಬೀರುವಿನಲ್ಲಿ ಉಳಿದದ್ದು ಕೀಲುಗಳು ಮತ್ತು ಹಿಡಿಕೆ. ಆದರೆ ಪ್ರತಿಯೊಂದು ಕಾಗದದ ಎರಡೂ ಬದಿಯನ್ನು, ಬರಹವಿಲ್ಲದ ಹಿಂಬದಿಯ ಮುದ್ರೆಗಳನ್ನೂ ಸೇರಿಸಿ, 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಚುಕ್ಕಿಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿ, ದೀರ್ಘಕಾಲದ ಸಂಗ್ರಹಕ್ಕೆಂದೇ ರೂಪಿಸಿದ ಪಿಡಿಎಫ್/ಎ ರೂಪದಲ್ಲಿ ಇಟ್ಟಿದ್ದೆ. ಕ್ರಯಪತ್ರದ ನೋಂದಣಿ ಸಂಖ್ಯೆ, ಸಂಪುಟ, ದಿನಾಂಕ ಎಲ್ಲವೂ ಕಣ್ಣೆದುರಿಗಿದ್ದುದರಿಂದ ದೃಢೀಕೃತ ನಕಲುಗಳು ಒಂದೊಂದಾಗಿ ಬಂದವು. ಅದೇ ಬೀದಿಯಲ್ಲಿ ಸಂಖ್ಯೆ ನೆನಪಿಲ್ಲದವರು ಕಚೇರಿಯಲ್ಲಿ ಹೆಸರು ಹಿಡಿದು ಹುಡುಕಿಸುವ ಶುಲ್ಕವನ್ನು ವರ್ಷಕ್ಕಿಷ್ಟರಂತೆ ಕಟ್ಟುತ್ತಲೇ ಇದ್ದರು. ಉಯಿಲನ್ನು ಮಾತ್ರ ಹೊಸದಾಗಿ ಬರೆಸಿದೆ. ಬದುಕಿದ್ದೇನೆ, ಬರೆಸಲು ಸಾಧ್ಯವಾಯಿತು. ಸ್ಕ್ಯಾನ್ ಸ್ವಚ್ಛವಾಗಿ ಬರಲೆಂದು ಪುಟಗಳ ಪಿನ್ನನ್ನು ಬಿಚ್ಚಿ, ಯಂತ್ರದಲ್ಲಿ ಒಂದೊಂದಾಗಿ ಹಾಯಿಸುವುದು ಒಳ್ಳೆಯದು.

ನಿವೃತ್ತ ಗುಮಾಸ್ತ:

ಬೇಡ, ದಯವಿಟ್ಟು ಯಾರೂ ಉಯಿಲಿನ ಪಿನ್ನನ್ನು ಬಿಚ್ಚಬೇಡಿ. ಬಿಚ್ಚಿ ಮತ್ತೆ ಹೊಡೆದ ಪಿನ್ನಿನ ಎರಡು ಜೊತೆ ತೂತುಗಳನ್ನು ಕಂಡರೆ, ಇದಕ್ಕೆ ಇನ್ನೊಂದು ಹಾಳೆ, ಬಹುಶಃ ಪೂರಕ ಉಯಿಲು, ಜೋಡಿಸಿತ್ತೇ, ಯಾವುದಾದರೂ ಪುಟ ಬದಲಾಗಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಬಿಚ್ಚಿದವರು ಪ್ರಮಾಣಿತ ಹೇಳಿಕೆ ಕೊಡಬೇಕಾಗಬಹುದು. ಗುಂಡುಸೂಜಿ, ಕ್ಲಿಪ್ಪು ಹಾಕಿದ ಗುರುತು ಕೂಡ ಬೇಡ. ಪುಟ ಮಗುಚಿ ಮೇಲಿನಿಂದ ಚಿತ್ರ ತೆಗೆದರೆ ಸಾಕು.

ಪ್ರತಿ ಮೂರು:

ನಲವತ್ತು ಪುಟದ ಪತ್ರವನ್ನು ಮಗುಚಿ ತೆಗೆದ ಚಿತ್ರದಲ್ಲಿ ಒಳಅಂಚಿನ ಕಿರುಸಹಿ ಕಾಣುವುದಿಲ್ಲ, ಆ ಕಿರುಸಹಿಯೇ ಮುಖ್ಯ. ಕ್ರಯಪತ್ರಕ್ಕೆ ನನ್ನ ಮಾತು ಸರಿ, ಉಯಿಲಿಗೆ ನಿಮ್ಮ ಮಾತು ಇರಲಿ. ಆದರೆ ‘ದಯವಿಟ್ಟು ಯಾರೂ’ ಎಂದು ಎಲ್ಲರಿಗೂ ಹೆದರಿಕೆ ಹುಟ್ಟಿಸುವ ಮೊದಲು ಸುಟ್ಟ ಮನೆಯೊಳಗೆ ಒಮ್ಮೆ ನಿಂತು ನೋಡಬೇಕು.

ತಿಜೋರಿ ಮಾಲೀಕ:

ನಿಮ್ಮ ಕ್ಲೌಡ್ ಖಾತೆಯ ಪಾಸ್‌ವರ್ಡ್ ನಿಮ್ಮ ತಲೆಯಲ್ಲಿಯೇ ಇದ್ದರೆ ಅದಕ್ಕೂ ನನ್ನ ತಿಜೋರಿಗೂ ವ್ಯತ್ಯಾಸವಿಲ್ಲ. ನನ್ನ ಸಂಖ್ಯೆಯ ಗುಟ್ಟು ಮುಚ್ಚಿದ ಲಕೋಟೆಯಲ್ಲಿ ಮಗಳ ಬಳಿ ಇದೆ. ಮೂರನೆಯ ಮಗನವರು ಕೇಳಿದ್ದಕ್ಕೆ ಇದು ಉತ್ತರ.

ತಗ್ಗಿನ ಮನೆ:

ಎಲ್ಲರಿಗೂ ಕೃತಜ್ಞತೆಗಳು. ನದಿ ಮತ್ತು ಬೇರೆ ದೇಶದಲ್ಲಿರುವ ತಂಗಿ, ಈ ಎರಡರ ಬಗ್ಗೆ ಯಾರಾದರೂ ಹೇಳುವಿರಾ?

ನಿವೃತ್ತ ಗುಮಾಸ್ತ:

ಮೂಲ ಪ್ರತಿ ನಿಮ್ಮ ಮನೆಯಲ್ಲಿ ಇರುವುದೇ ಬೇಡ. ಬರೆದವರು ಬದುಕಿರುವಾಗಲೇ ಉಯಿಲನ್ನು ಅಧಿಕೃತವಾಗಿ ಠೇವಣಿ ಇಡುವ ವ್ಯವಸ್ಥೆ ಹಲವು ದೇಶಗಳಲ್ಲಿದೆ: ಭಾರತದ 1908ರ ನೋಂದಣಿ ಕಾಯ್ದೆ ಮುದ್ರೆ ಹಾಕಿದ ಲಕೋಟೆಯಲ್ಲಿ ರಿಜಿಸ್ಟ್ರಾರರ ಬಳಿ ಇಡಲು ಅವಕಾಶ ಕೊಡುತ್ತದೆ, ಯುರೋಪಿನ ಅನೇಕ ಕಡೆ ನೋಟರಿಯೇ ಮೂಲ ಪ್ರತಿಯನ್ನು ಇಟ್ಟುಕೊಳ್ಳುತ್ತಾರೆ. ಉಯಿಲು ಇದೆ ಎಂಬ ಸಂಗತಿಯನ್ನು ದೇಶದಿಂದ ದೇಶಕ್ಕೆ ಹುಡುಕಲು ಸಾಧ್ಯವಾಗಲೆಂದು 1972ರಲ್ಲಿ ಬಾಸೆಲ್‌ನಲ್ಲಿ ಒಂದು ಒಪ್ಪಂದವೂ ಆಗಿದೆ, ಆದರೆ ಅದನ್ನು ಒಪ್ಪಿದ ದೇಶಗಳಿಗೆ ಮಾತ್ರ ಅದು ಅನ್ವಯ. ಠೇವಣಿಯ ರಸೀದಿಯನ್ನೂ ನಕಲನ್ನೂ ತಂಗಿಗೆ ಕಳುಹಿಸಿ. ಮೂಲ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಬೇಡಿ.

ಮೂರನೆಯ ಮಗ:

ಅಂತ್ಯಸಂಸ್ಕಾರದ ಸೂಚನೆಯನ್ನು ಆ ಲಕೋಟೆಯೊಳಗೆ ಸೇರಿಸಬೇಡಿ. ಅದು ಬೇರೆ ಕಾಗದದಲ್ಲಿ, ಹತ್ತಿರದಲ್ಲೇ ಇರುವ ಯಾರದಾದರೂ ಕೈಯಲ್ಲಿ ಇರಬೇಕು.

ಹಿರಿಯ ಸೊಸೆ:

ಸಂರಕ್ಷಕಿಯವರೇ, ವಿಭಾಗಪತ್ರದ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಆದರೆ ಮಾವನವರ ಉಯಿಲಿನ ಎರಡು ಹಾಳೆ ನನ್ನ ಬಳಿ ಇನ್ನೂ ಲ್ಯಾಮಿನೇಟ್ ಆಗದೆ ಉಳಿದಿವೆ. ಅವನ್ನೇನು ಮಾಡಲಿ?

ಕಾಗದ ಸಂರಕ್ಷಕಿ:

ಪಾಲಿಯೆಸ್ಟರ್ ಹಾಳೆಗಳ ನಡುವೆ ಇಡಿ, ಪಿವಿಸಿ ಚೀಲ ಬೇಡ. ಅದರಿಂದ ಹೊರಸೂಸುವ ಆಮ್ಲ ಕಾಗದವನ್ನು ತಿನ್ನುತ್ತದೆ, ಅಕ್ಷರಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತವೆ. ಪಾಲಿಯೆಸ್ಟರ್ ಹಾಳೆಗಳನ್ನು ಅಂಚಿನಲ್ಲಿ ಮಾತ್ರ ಬೆಸೆಯಬೇಕು, ಕಾಗದಕ್ಕೆ ಅಂಟು ತಾಗಬಾರದು. ಹೀಗಾದರೆ ಬೇಕಾದಾಗ ಕತ್ತರಿಸಿ ಹೊರತೆಗೆಯಬಹುದು. ಮಡಿಸದೆ ಚಪ್ಪಟೆಯಾಗಿ, ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ, ನೀರಿನ ತೊಟ್ಟಿ ಮತ್ತು ಕೊಳವೆಗಳಿಂದ ದೂರವಿರುವ ಎತ್ತರದ ಜಾಗದಲ್ಲಿ ಇಡಿ. ಪೆಟ್ಟಿಗೆಯ ಮೇಲಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ, ನೆನೆದರೂ ಅಳಿಯುವುದಿಲ್ಲ. ಹಾಳೆಗಳ ಅಂಚು ಪುಡಿಯಾಗುತ್ತಿದ್ದರೆ ಅಂಟುಪಟ್ಟಿ ಹಚ್ಚಬೇಡಿ. ಚಿತ್ರ ತೆಗೆದು ನನಗೆ ತೋರಿಸಿ, ನೋಡಿ ಹೇಳುತ್ತೇನೆ.